ಮುಟ್ಟಿದರೆ ಉಳಿದವರೆಲ್ಲ ಮಾಸುವ ನಕ್ಷೆ

ಆ ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಜಿತೇಶ್ ಕುದ್ರೋಳಿಯ ತನ್ನ ಕುಟುಂಬದ ಮನೆಯ ಜಗಲಿಯಲ್ಲಿ, ದೊಡ್ಡದೊಂದು ಟಚ್ ಸ್ಕ್ರೀನಿನ ಮುಂದೆ ನಿಂತು, ತೋರುಬೆರಳಿನಿಂದ ತನ್ನನ್ನು ತಾನೇ ಒತ್ತಿ ನೋಡುತ್ತಿದ್ದ. ಪರದೆಯ ಮೇಲೆ ಅವರ ಕುಟುಂಬದ ನಕ್ಷೆ ಇತ್ತು. ಅದರಲ್ಲಿ ಅವನು ಅಂಚಿನ ಒಂದು ಸಣ್ಣ ವೃತ್ತ. ಒತ್ತಿದೊಡನೆ ಆ ವೃತ್ತ ಕಿತ್ತಳೆ ಬಣ್ಣದಲ್ಲಿ ಹೊಳೆಯಿತು, ಉಳಿದವೆಲ್ಲ ಬೂದಿಯಂತೆ ಮಾಸಿದವು, ಪಕ್ಕದಲ್ಲಿ ಚಿಕ್ಕ ಪೆಟ್ಟಿಗೆಯೊಂದು ತೆರೆದುಕೊಂಡಿತು: ‘ಜಿತೇಶ್. ತಾಯಿ: ನಳಿನಾಕ್ಷಿ. ಮಕ್ಕಳು: 0.’

ಅವನ ಮಗಳು ಪ್ರಾಪ್ತಿ ಪಕ್ಕದ ಮೆಟ್ಟಿಲ ಮೇಲೆ ಕುಳಿತು ಅವಲಕ್ಕಿ ತಿನ್ನುತ್ತಿದ್ದಳು.

“ನೋಡು ಮಾರಾಯ,” ಎಂದ ಜಿತೇಶ್ ನನ್ನ ಕಡೆ ತಿರುಗಿ. “ಊಟ ನಿದ್ರೆ ಬಿಟ್ಟು ಮಾಡಿದ್ದು. ಕಡೆಗೆ ನನಗೇ ಮಕ್ಕಳಿಲ್ಲ.”

ನಾನು ಕೊಡಿಯಾಲ್‌ಬೈಲಿನ ನಮ್ಮ ಕಚೇರಿಯಲ್ಲಿ ಅವನ ಪಕ್ಕದ ಮೇಜಿನವ. ಪರದೆ ಕಚೇರಿಯದ್ದು. ಅದನ್ನು ಹೊರಲು ಇಬ್ಬರು ಬೇಕಿತ್ತು, ಮಧ್ಯಾಹ್ನ ಊಟ ಉಂಟು ಎಂದೂ ಹೇಳಿದ್ದ, ಹಾಗಾಗಿ ಬಂದಿದ್ದೆ. ನಾವಿಬ್ಬರೂ ವೆಬ್‌ಸೈಟುಗಳಿಗೆ ನಕ್ಷೆ, ಗ್ರಾಫು ಮಾಡಿಕೊಡುವವರು. ಮೌಸಿನ ಬಾಣವನ್ನು ಒಂದು ಚುಕ್ಕೆಯ ಮೇಲೆ ತಂದಾಗ ಏನಾಗಬೇಕು, ಯಾವುದು ಹೊಳೆಯಬೇಕು, ಯಾವುದು ಮಾಸಬೇಕು, ಪೆಟ್ಟಿಗೆಯಲ್ಲಿ ಏನು ಬರೆದಿರಬೇಕು ಎಂದು ತೀರ್ಮಾನಿಸುವುದು ನಮ್ಮ ಕಸುಬು. ಆ ಪೆಟ್ಟಿಗೆಗೆ ಟೂಲ್‌ಟಿಪ್ ಎನ್ನುತ್ತಾರೆ. ಇಂಥ ಕೆಲಸಕ್ಕೆ ಸಂಬಳ ಕೊಡುತ್ತಾರೆ ಎಂಬುದನ್ನು ನನ್ನ ಮನೆಯವರು ಇನ್ನೂ ಪೂರ್ತಿ ನಂಬಿಲ್ಲ.

ಜಿತೇಶ್ ಭೌತಶಾಸ್ತ್ರದ ಪದವೀಧರ. ಓದು ಮುಗಿದ ಮೇಲೆ ಶಾರ್ಜಾದಲ್ಲಿ ಕಂಪ್ಯೂಟರ್ ಅಂಗಡಿಯಲ್ಲಿ ನಿಂತ. ಗಿರಾಕಿ ಬೆಲೆ ಕೇಳಿದರೆ ಇವನು ಪ್ರೊಸೆಸರಿನ ಉಷ್ಣ ವಿಸರ್ಜನೆಯನ್ನು ವಿವರಿಸುತ್ತಿದ್ದನಂತೆ. “ಅವರು ನನ್ನನ್ನು ಕೆಲಸದಿಂದ ತೆಗೆದದ್ದಲ್ಲ, ದೇಶವೇ ಸಾಕಾಗಿ ಕಳಿಸಿದ್ದು,” ಎಂದು ತಾನೇ ಹೇಳಿಕೊಂಡು ನಗುತ್ತಾನೆ. ಊರಿಗೆ ಬಂದ ಮೇಲೆ ನಮ್ಮ ಕಚೇರಿ ಸೇರಿದ. ಅಗತ್ಯಕ್ಕಿಂತ ಹೆಚ್ಚು ಹೇಳುವ ಗುಣ ಟೂಲ್‌ಟಿಪ್ಪಿನ ಕೆಲಸದಲ್ಲಿ ದೋಷವೇ. ಆದರೂ ಅವನ ಪೆಟ್ಟಿಗೆಗಳು ಸರಿಯಾದ ಜಾಗದಲ್ಲಿ ತೆರೆಯುತ್ತವೆ, ಪರದೆಯ ಅಂಚಿನಾಚೆ ಜಾರಿ ಹೋಗುವುದಿಲ್ಲ. ನನ್ನವು ಹೋಗುತ್ತವೆ.

ಈ ನಕ್ಷೆಯ ಕೆಲಸವನ್ನು ಅವನು ತಾನಾಗಿಯೇ ವಹಿಸಿಕೊಂಡಿದ್ದ. ವರ್ಷಕ್ಕೊಮ್ಮೆ ದೈವಕ್ಕೆ ತಂಬಿಲದ ಪೂಜೆ ಕೊಡುವ ದಿನ ಕುಟುಂಬದವರೆಲ್ಲ ಕುದ್ರೋಳಿಯ ಮನೆಯಲ್ಲಿ ಸೇರುತ್ತಾರೆ. ಈ ಸಲ ಪೂಜೆಯ ನಂತರ ಎಲ್ಲರೂ ತಮ್ಮ ತಮ್ಮ ಹೆಸರನ್ನು ಮುಟ್ಟಿ ನೋಡಲಿ ಎಂಬುದು ಅವನ ಆಸೆ. ನಡುವೆ ಮೂಲ ಅಜ್ಜಿ ಅಕ್ಕು, ಸುತ್ತ ಅವಳ ಹೆಣ್ಣುಮಕ್ಕಳು, ಆಚೆ ಅವರ ಮಕ್ಕಳು, ಹೀಗೆ ವೃತ್ತದ ಮೇಲೆ ವೃತ್ತ. ಅವರದು ಅಳಿಯಕಟ್ಟಿನ ಕುಟುಂಬ. ಮಕ್ಕಳು ತಾಯಿಯ ಕುಟುಂಬಕ್ಕೆ ಸೇರುತ್ತಾರೆ, ತಂದೆಯದಕ್ಕಲ್ಲ. ಪ್ರಾಪ್ತಿ ಅವಳ ಅಮ್ಮನ ಕುಟುಂಬದವಳಾದ್ದರಿಂದ ಈ ನಕ್ಷೆಯಲ್ಲಿ ಇಲ್ಲ. ಅದರಲ್ಲಿ ತಪ್ಪೂ ಇಲ್ಲ. ತಪ್ಪಿದ್ದದ್ದು ನಾವು ಬಳಸಿದ ಸಿದ್ಧ ಪ್ರೋಗ್ರಾಮಿನ ಕ್ರಮದಲ್ಲಿ. ಮುಟ್ಟಿದ ವೃತ್ತದಿಂದ ಕೆಳಗಿಳಿದವರನ್ನು ಬೆಳಗಿಸು, ಉಳಿದವರನ್ನು ಮಾಸಿಸು ಎಂಬುದು ಅದರ ನಿಯಮ. ಹೆಂಗಸರನ್ನು ಮುಟ್ಟಿದರೆ ರೆಂಬೆಯೇ ಹೂ ಬಿಟ್ಟಂತೆ ಹೊಳೆಯುತ್ತಿತ್ತು. ಗಂಡಸರಿಂದ ಯಾರೂ ಕೆಳಗಿಳಿಯುವುದಿಲ್ಲ. ಯಾವ ಗಂಡಸನ್ನು ಮುಟ್ಟಿದರೂ ಅವನೊಬ್ಬನೇ ಹೊಳೆದು, ಇಡೀ ಕುಟುಂಬ ಮಾಸಿ, ಸೊನ್ನೆ ಕಾಣುತ್ತಿತ್ತು.

“ಮೂರು ಬ್ರೌಸರಿನಲ್ಲಿ ಪರೀಕ್ಷೆ ಮಾಡಿದೆವು,” ಎಂದೆ ನಾನು.

“ಹೌದು. ಒಬ್ಬ ಗಂಡಸಿನ ಮೇಲೆ ಮಾಡಲಿಲ್ಲ,” ಎಂದ ಜಿತೇಶ್.

ಅವನು ನಗುತ್ತಿದ್ದ. ಇದ್ದಕ್ಕಿದ್ದ ಹಾಗೆ ನಗು ನಿಂತಿತು. “ಬೂಬ ಮಾವ,” ಎಂದ.

ಬೂಬ ಮಾವ ಆ ಮನೆಯ ಯಜಮಾನರು, ಜಿತೇಶನ ತಾಯಿ ನಳಿನಾಕ್ಷಿಯ ಅಣ್ಣ. ಉಳಿದ ಗಂಡಸರಿಗೆ ಆ ಸೊನ್ನೆ ಒಂದು ತಮಾಷೆ. ಹೆಂಡತಿ ಮಕ್ಕಳು ಪಕ್ಕದಲ್ಲೇ ಇರುತ್ತಾರೆ. ಬೂಬ ಮಾವ ಮದುವೆಯಾದವರಲ್ಲ. ಬಂದರಿನಲ್ಲಿ ಹಗ್ಗದ ಅಂಗಡಿ ಇಟ್ಟುಕೊಂಡು, ಭಾವಂದಿರು ಗಲ್ಫಿನಲ್ಲಿದ್ದ ಕಾಲದಲ್ಲಿ ತಂಗಿಯರ ಮಕ್ಕಳನ್ನೆಲ್ಲ ಬೆಳೆಸಿದವರು. ಶಾಲೆಯ ಸಭೆಗಳಿಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಅವರೇ ಹೋಗುತ್ತಿದ್ದರು. ಟೀಚರು “ಜಿತೇಶನ ತಂದೆ ಅಲ್ವಾ?” ಎಂದು ಕೇಳಿದರೆ ಹೌದು ಎಂದುಬಿಡುತ್ತಿದ್ದರಂತೆ. ಕುಟುಂಬದ ವಿವರ ಹೇಳುತ್ತ ಕುಳಿತರೆ ಟೀಚರಿನ ಸಮಯ ಹಾಳು ಎಂಬುದು ಅವರ ಲೆಕ್ಕ.

ಅಂಥವರು ಇನ್ನು ಸ್ವಲ್ಪ ಹೊತ್ತಿನಲ್ಲಿ, ಎಲ್ಲರ ಮುಂದೆ, ತಮ್ಮ ವೃತ್ತವನ್ನು ಮುಟ್ಟುವವರಿದ್ದರು.

ಸುಲಭದ ದಾರಿ ಇತ್ತು: ಮಾಸಿಸುವುದನ್ನೇ ತೆಗೆದುಹಾಕಬಹುದಿತ್ತು. ಆದರೆ ಆ ಮಾಸುವಿಕೆ ಎಷ್ಟು ನಿಧಾನವಾಗಿ ಆಗಬೇಕೆಂದು ಜಿತೇಶ್ ದಿನಗಟ್ಟಲೆ ತಿದ್ದಿದ್ದ. ಅದರ ಮೇಲೆ ಅವನಿಗೆ ಪ್ರೀತಿ. ಆದ್ದರಿಂದ ಅವನು ಜಾಣತನ ಮಾಡಿದ. ಲ್ಯಾಪ್‌ಟಾಪ್ ತೆರೆದು, ಬೂಬ ಮಾವನ ವೃತ್ತವೊಂದಕ್ಕೆ ಮಾತ್ರ ಸ್ಪರ್ಶವೇ ತಾಗದಂತೆ ಒಂದು ಸಾಲು ಸೇರಿಸಿದ. ಮುಟ್ಟಿದರೆ ಏನೂ ಆಗದು, ಸೊನ್ನೆಯೂ ಕಾಣದು. ನಾನು ನೋಡಿ, ತಲೆಯಾಡಿಸಿ, “ಭಾರಿ ಲಾಯ್ಕ ಆಯ್ತು” ಎಂದೆ. ಇದನ್ನು ಬರೆಯಲೇಬೇಕು, ಏಕೆಂದರೆ ಈಚೆಗೆ ಜಿತೇಶ್ ಅದು ತನ್ನೊಬ್ಬನ ಉಪಾಯ ಎಂದು ಹೇಳಿಕೊಂಡು ನನ್ನನ್ನು ಉಳಿಸುತ್ತಿದ್ದಾನೆ.

ತಂಬಿಲ ಮುಗಿಯಿತು. ಪ್ರಸಾದದ ಗಂಧ ಹಚ್ಚಿಕೊಂಡು ಎಲ್ಲರೂ ಜಗಲಿಗೆ ಬಂದರು. ಮೊದಲು ನಳಿನಾಕ್ಷಿ ತಮ್ಮ ಹೆಸರನ್ನು ಒತ್ತಿದರು. ಜಿತೇಶ್, ಅವನ ತಂಗಿ ನಿರೀಕ್ಷಾ, ನಿರೀಕ್ಷಾಳ ಮಗ, ಮೂವರೂ ಹೊಳೆದರು. ಚಪ್ಪಾಳೆ ಬಿತ್ತು.

“ಇನ್ನು ಯಜಮಾನರದ್ದು!” ಎಂದು ಯಾರೋ ಕೂಗಿದರು.

ಬೂಬ ಮಾವ ಮುಂದೆ ಬಂದರು. ಅಷ್ಟರಲ್ಲಿ ನಾವು ಲೆಕ್ಕಕ್ಕೆ ತೆಗೆದುಕೊಳ್ಳದ ಇನ್ನೊಂದು ಸಂಗತಿ ನಡೆದಿತ್ತು. ಮೌಸಾದರೆ ಬಾಣ ಆಚೆ ಸರಿದೊಡನೆ ಪೆಟ್ಟಿಗೆ ಮುಚ್ಚಿಕೊಳ್ಳುತ್ತದೆ. ಬೆರಳಿಗೆ ಆ ಶಿಷ್ಟಾಚಾರ ಇಲ್ಲ. ಎತ್ತಿದ ಮೇಲೂ ಅದು ಅಲ್ಲೇ ಇದೆ ಎಂದೇ ಪರದೆ ನಂಬಿರುತ್ತದೆ, ಇನ್ನೊಂದನ್ನು ಮುಟ್ಟುವವರೆಗೂ. ನಳಿನಾಕ್ಷಿಯ ಪೆಟ್ಟಿಗೆ ತೆರೆದೇ ಇತ್ತು, ಪಕ್ಕದ ಅಣ್ಣನ ವೃತ್ತವನ್ನು ಅರ್ಧ ಮುಚ್ಚಿಕೊಂಡು.

“ನಳಿನಿ, ನೀನು ಇಲ್ಲಿಯೂ ನನ್ನ ತಲೆ ಮೇಲೆಯೇ ಕೂತದ್ದಾ?” ಎಂದರು ಬೂಬ ಮಾವ. ಎಲ್ಲರೂ ನಕ್ಕರು.

ಅವರು ಒತ್ತಿದರು. ಏನೂ ಆಗಲಿಲ್ಲ. ಬೆರಳನ್ನು ಉಟ್ಟ ಮುಂಡಿಗೆ ಒರೆಸಿಕೊಂಡು ಮತ್ತೆ ಒತ್ತಿದರು. ತಂಗಿಯ ಪೆಟ್ಟಿಗೆ ಅಲುಗಲಿಲ್ಲ. ಮೂರನೆಯ ಸಲ ಒತ್ತಿ ಹಿಡಿದುಕೊಂಡರು. ನಗು ಕಡಿಮೆಯಾಯಿತು.

“ಟಚ್ಚಿನ ಪ್ರಾಬ್ಲಮ್ ಇರ್ಬೇಕು,” ಎಂದೆ ನಾನು.

ಅವರು ಕೆಳಗಿನ ನಿರೀಕ್ಷಾಳ ವೃತ್ತವನ್ನು ಒತ್ತಿದರು. ಅದು ಚೆನ್ನಾಗಿ ಹೊಳೆಯಿತು. ನನ್ನನ್ನೊಮ್ಮೆ ನೋಡಿದರು. ಆಮೇಲೆ ಸೋದರಳಿಯ ಜಿತೇಶನನ್ನು.

“ಜಿತ್ತು, ನಾನು ಸತ್ತೆನಾ ಹೇಗೆ? ಎಲ್ಲರದ್ದೂ ಉಂಟು, ನನ್ನದು ಮಾತ್ರ ಎಂತ ಇಲ್ಲ?”

ತಮಾಷೆಯಾಗಿಯೇ ಕೇಳಿದ್ದು. ಆದರೆ ಬೆರಳು ಇನ್ನೂ ಪರದೆಯ ಹತ್ತಿರವೇ ಇತ್ತು.

ನೆಟ್ ಇಲ್ಲ, ಪರದೆ ಬಿಸಿಯಾಗಿದೆ ಎಂದು ಹೇಳಲು ಅವಕಾಶ ಇತ್ತು. ಜಿತೇಶ್ ಹೇಳಲಿಲ್ಲ. “ಉಂಟು ಮಾವ. ನಾನೇ ಬಂದ್ ಮಾಡಿದ್ದು,” ಎಂದ. ಲ್ಯಾಪ್‌ಟಾಪಿನಲ್ಲಿ ಆ ಸಾಲನ್ನು ಅಳಿಸಿ, “ಈಗ ಒತ್ತಿ” ಎಂದ.

ಬೂಬ ಮಾವ ಒತ್ತಿದರು. ಇಡೀ ಕುಟುಂಬ ಮೆಲ್ಲಗೆ, ಜಿತೇಶ್ ಅಷ್ಟು ದಿನ ತಿದ್ದಿದ ಅದೇ ನಯದಿಂದ, ಮಾಸಿತು. ಒಂದು ವೃತ್ತ ಉಳಿಯಿತು. ‘ಮಕ್ಕಳು: 0.’

ನಳಿನಾಕ್ಷಿ ಮಗನ ಬೆನ್ನಿಗೆ ಒಂದು ಗುದ್ದು ಕೊಟ್ಟರು. “ನಿನ್ನ ಡಿಗ್ರಿಗೆ ಬೆಂಕಿ ಬೀಳ! ಇದನ್ನು ತೋರಿಸ್ಲಿಕ್ಕೆ ಅಷ್ಟು ದೊಡ್ಡ ಟಿವಿ ಬೇಕಿತ್ತಾ?”

“ಬಿಡು ನಳಿನಿ. ಸೊನ್ನೆ ಸರಿಯೇ ಉಂಟು,” ಎಂದರು ಬೂಬ ಮಾವ. “ಇವರೆಲ್ಲ ಯಾಕೆ ಮಾಸಿದ್ದು?”

“ನೀವು ಎದ್ದು ಕಾಣ್ಲಿಕ್ಕೆ, ಮಾವ.”

“ನನ್ನನ್ನು ನಾನು ದಿನಾ ಕನ್ನಡಿಯಲ್ಲಿ ನೋಡ್ತೇನೆ ಮಾರಾಯ. ಇವರನ್ನು ನೋಡ್ಲಿಕ್ಕೆ ಅಲ್ವಾ ಬಂದದ್ದು?”

ಜಿತೇಶ್ ಲ್ಯಾಪ್‌ಟಾಪನ್ನು ಜಗಲಿಯ ದಂಡೆಯ ಮೇಲಿಟ್ಟು, ನಿಂತುಕೊಂಡೇ ಬರೆಯತೊಡಗಿದ. ಅವನು ಏನು ಮಾಡುತ್ತಿದ್ದಾನೆ ಎಂದು ನನಗೆ ಸ್ವಲ್ಪ ತಡವಾಗಿ ಹೊಳೆಯಿತು. ಗಂಡಸಿನಿಂದ ಕೆಳಗೆ ಇಳಿಯಲು ಹೋಗುವುದೇ ತಪ್ಪು. ಒಂದು ಮೆಟ್ಟಿಲು ಮೇಲೆ ಹೋಗಿ ತಾಯಿಯನ್ನು ಹಿಡಿಯಬೇಕು, ಅಲ್ಲಿಂದ ಅವಳ ಹೆಣ್ಣುಮಕ್ಕಳಿಗೆ, ಅವರಿಂದ ಅವರ ಮಕ್ಕಳಿಗೆ ಬರಬೇಕು. ಮಾವನಿಂದ ಅಳಿಯನಿಗೆ. ಯಜಮಾನಿಕೆ ಆ ಮನೆಯಲ್ಲಿ ತಲೆಮಾರುಗಳಿಂದ ನಡೆದುಬಂದ ದಾರಿಯೇ ಅದು. ಅದೇ ಕಟ್ಟಿನಲ್ಲಿ ಹುಟ್ಟಿದವನು, ಅದೇ ಮಾವನ ಸೈಕಲ್ಲಿನ ಹಿಂದೆ ಕುಳಿತು ಶಾಲೆಗೆ ಹೋದವನು, ಹೊರದೇಶದ ಯಾರೋ ಬರೆದ ನಿಯಮವನ್ನು ಹಾಗೆಯೇ ಇಳಿಸಿಕೊಂಡಿದ್ದ. ನಾನು ಅದನ್ನು ಪರೀಕ್ಷಿಸಿ ಒಪ್ಪಿದ್ದೆ.

ಮೊದಲ ಸಲ ಒಂದು ಆವರಣ ಚಿಹ್ನೆ ಬಿಟ್ಟುಹೋಗಿ ಇಡೀ ನಕ್ಷೆಯೇ ಮಾಯವಾಯಿತು. “ಈಗ ಎಲ್ಲರೂ ಸತ್ತೆವು,” ಎಂದಳು ನಿರೀಕ್ಷಾ. ಒಳಗಿನಿಂದ ಎಲೆ ಹಾಕಿದ್ದೇವೆ ಎಂದು ಕರೆ ಬಂತು. ಯಾರೂ ಏಳಲಿಲ್ಲ. ಜಿತೇಶ್ ಬೆವರು ಒರೆಸಿಕೊಂಡು ತಿದ್ದಿದ.

“ಒತ್ತಿ ಮಾವ.”

ಬೂಬ ಮಾವ ಒತ್ತಿದರು. ಅವರ ವೃತ್ತ ಹೊಳೆಯಿತು. ಪಕ್ಕದಲ್ಲಿ ನಾಲ್ವರು ತಂಗಿಯರು ಹೊಳೆದರು. ಆಮೇಲೆ ಆಚೆಯ ಸುತ್ತಿನಲ್ಲಿ, ಒಂದಾದ ಮೇಲೊಂದು, ದೀಪ ಹಚ್ಚಿಕೊಂಡು ಹೋದಂತೆ ತಂಗಿಯರ ಮಕ್ಕಳೆಲ್ಲ. ಜಗಲಿಯಲ್ಲಿದ್ದ ಗಟ್ಟಿ ಗಟ್ಟಿ ಗಂಡಸರು, ಸೀರೆಯುಟ್ಟ ಹೆಂಗಸರು, ತಮ್ಮ ತಮ್ಮ ವೃತ್ತವನ್ನು ಹುಡುಕಲು ಮುಂದೆ ಬಾಗಿದರು.

ಪೆಟ್ಟಿಗೆಯೂ ತೆರೆಯಿತು. ಅದರಲ್ಲಿ ಹೀಗಿತ್ತು: ‘ಬೂಬ. ಅಳಿಯ ಸೊಸೆಯರು:’ ಅದರ ಮುಂದೆ, ಇಂಗ್ಲಿಷಿನಲ್ಲಿ, ಲೆಕ್ಕ ಸಿಗದಾಗ ಕಂಪ್ಯೂಟರು ಬರೆಯುವ ಆ ಒಂದೇ ಪದ: ಅನ್‌ಡಿಫೈನ್ಡ್. ದೀಪ ಹಚ್ಚುವುದನ್ನು ಬರೆಯುವ ಅವಸರದಲ್ಲಿ ಜಿತೇಶ್ ಎಣಿಸುವುದನ್ನು ಬರೆಯಲು ಮರೆತಿದ್ದ.

ಬೂಬ ಮಾವ ಕನ್ನಡಕವನ್ನು ಹಣೆಗೇರಿಸಿ, ಪರದೆಗೆ ಮುಖ ತಾಗುವಷ್ಟು ಹತ್ತಿರ ಹೋದರು.

“ಇಂಗ್ಲಿಷಿನಲ್ಲಿ ಎಂತದೋ ಉಂಟು. ಎಂತ ಬರೆದದ್ದು ಜಿತ್ತು? ಎಷ್ಟಂತೆ?”

ಜಿತೇಶ್ ಲ್ಯಾಪ್‌ಟಾಪನ್ನು ಮುಚ್ಚಿದ. ಪರದೆಯ ಪಕ್ಕಕ್ಕೆ ಬಂದು ಮಾವನ ಭುಜದ ಬಳಿ ನಿಂತು, ಹೊಳೆಯುತ್ತಿದ್ದ ವೃತ್ತಗಳ ಮೇಲೆ ತುಟಿ ಅಲ್ಲಾಡಿಸುತ್ತ ಕಣ್ಣು ಹಾಯಿಸಿದ. ಆಮೇಲೆ ಹಿಂದಿನ ಸಾಲಿನವರಿಗೂ ಕೇಳುವಂತೆ, ಗಟ್ಟಿಯಾಗಿ ಹೇಳಿದ:

“ಹದಿನಾಲ್ಕು.”