ಭಾಲ್ಕಿಯ ದರ್ಜಿಯ ಮೌತ್ ಆರ್ಗನ್

ಕಳೆದ ವಾರ ಈ ಅಂಕಣದಲ್ಲಿ ನಾನೊಂದು ಸುಳ್ಳು ಬರೆದಿದ್ದೆ. ಬೇಕಂತಲೇ ಅಲ್ಲ, ಗೊತ್ತಿಲ್ಲದೆ. (ಅಂಕಣಕಾರರ ಹೆಚ್ಚಿನ ಸುಳ್ಳುಗಳು ಈ ಜಾತಿಯವೇ.)

ಮೌತ್ ಆರ್ಗನ್ ಬಗ್ಗೆ ಬರೆದದ್ದು ನಿಮಗೆ ನೆನಪಿರಬಹುದು. ಗುರು ಬೇಡ, ತಂಬೂರಿ ಬೇಡ, ಚಕ್ಕಳಮಕ್ಕಳ ಹಾಕಿ ಕೂರುವುದೂ ಬೇಡ. ಅಂಗಿ ಜೇಬಿನಲ್ಲಿ ಹಿಡಿಸುವ ಜರ್ಮನಿಯ ವಾದ್ಯವೊಂದು ನಮ್ಮ ದೇಶದ ಕಾಲೇಜು ಹುಡುಗರ ಪಿಕ್ನಿಕ್ಕಿಗೆ ಹೇಗೆ ಬಂತು ಎಂದು ಉದ್ದಕ್ಕೆ ಕೊರೆದಿದ್ದೆ. ಕೊನೆಗೆ, ಬೀದರ್ ಕಡೆಗೆ ಇದು ಬಂದದ್ದು ಸಿನಿಮಾ ಹಾಡುಗಳ ಬೆನ್ನು ಹತ್ತಿ, ನಿಜಾಮನ ಕಾಲದಲ್ಲಿ ಇಲ್ಲಿ ಯಾರೂ ಇದರ ಮುಖ ನೋಡಿರಲಿಲ್ಲ ಎಂದು ಷರಾ ಬೇರೆ ಬರೆದಿದ್ದೆ.

ಸೋಮವಾರ ಬೆಳಿಗ್ಗೆ ಫೋನ್ ಬಂತು.

"ಸಾಹೇಬ್ರ, ನೀವ್ ಬರದಿದ್ದು ತಪ್ಪದರಿ. ನಮ್ ಅಬ್ಬಾನ ಬಾಜಾ ನಿಜಾಮನ ಕಾಲದ್ದೇ ಅದ. ಬಂದ್ ನೋಡ್ರಿ."

ಫೋನ್ ಮಾಡಿದವರು ಭಾಲ್ಕಿಯ ಬಶೀರ್ ಮಿಯಾ. ದರ್ಜಿ. ವಯಸ್ಸು ಎಪ್ಪತ್ತು ದಾಟಿದೆ, ಹೊಲಿಗೆ ಮಿಷನ್ ಇನ್ನೂ ಬಿಟ್ಟಿಲ್ಲ. ತಪ್ಪನ್ನು ಮುಖದ ಮೇಲೆ ಹೇಳುವ ಓದುಗರು ನನಗೆ ಬಹಳ ಇಷ್ಟ. (ಇದೂ ಸುಳ್ಳು.) ಆದರೂ ಬೀದರ್ ಬಸ್ ಸ್ಟ್ಯಾಂಡಿಗೆ ಹೋಗಿ ಭಾಲ್ಕಿ ಬಸ್ ಹತ್ತಿದೆ.

ಬಶೀರ್ ಮಿಯಾ ಮೊದಲು ಮನೆಗೆ ಕರೆದೊಯ್ದು ಊಟ ಹಾಕಿದರು. ಆಮೇಲೆ ಅಂಗಡಿಗೆ ಬಂದು, ಗುಂಡಿಗಳ ಡಬ್ಬಿಯ ಕೆಳಗಿಂದ ಒಂದು ಬಟ್ಟೆಯ ಗಂಟು ತೆಗೆದರು. ಒಳಗೆ ಮೌತ್ ಆರ್ಗನ್. ತಗಡು ಮಾಸಿತ್ತು. ಉಸಿರು ಹೋಗುವ ಮರದ ಮನೆಗಳು ಉಬ್ಬಿ ಹೊರಗೆ ಇಣುಕುತ್ತಿದ್ದವು. ಅವರ ತಂದೆ ಮೆಹಬೂಬ್ ಸಾಬರು ದಾರ, ಗುಂಡಿ ತರಲು ಹೈದರಾಬಾದಿಗೆ ಹೋದಾಗ ಕೊಂಡದ್ದಂತೆ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅಂಗಡಿಯಲ್ಲೇ ಊದುತ್ತಿದ್ದರು.

ಅದನ್ನು ಕೇಳಲು ತಪ್ಪದೆ ಬರುತ್ತಿದ್ದವನು ಮಾಳಪ್ಪ. ಔರಾದ್ ಕಡೆಯ ಕುರಿ ಸಾಕುವವನು. ಕುರಿ ಮಾರಲು ಭಾಲ್ಕಿ ಸಂತೆಗೆ ಬಂದವನು ಅಂಗಡಿಯ ಕಟ್ಟೆ ಬಿಟ್ಟು ಏಳುತ್ತಿರಲಿಲ್ಲ. 'ನೀನೂ ಊದಿ ನೋಡು' ಎಂದು ಕೊಟ್ಟರೆ ಮಾತ್ರ ಎರಡೂ ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದ. ಯಾಕೆ? ಎಂಜಲು. ಚಹಾ ಕುಡಿಯಲಿಕ್ಕೂ ತನ್ನದೇ ಲೋಟ ತರುತ್ತಿದ್ದವನು. ಮೆಹಬೂಬರಿಗೂ ಅದರಲ್ಲಿ ಬೇಸರವೇನೂ ಇರಲಿಲ್ಲ, ಊರ ರೀತಿಯೇ ಹಾಗಿತ್ತು.

ಯೋಚಿಸಿ ನೋಡಿ. ತಬಲಾ ಯಾರು ಬಾರಿಸಿದರೂ ತಬಲಾ. ಹಾರ್ಮೋನಿಯಂ ಹತ್ತು ಕೈ ಬದಲಾದರೂ ಮೈಲಿಗೆಯಿಲ್ಲ. ಕೊಳಲಿನಲ್ಲಿ ಊದುವುದಷ್ಟೇ, ವಾಪಸ್ ಎಳೆಯುವುದಿಲ್ಲ. ಮೌತ್ ಆರ್ಗನ್ನಿನಲ್ಲಿ ಅರ್ಧ ಸ್ವರಗಳು ಉಸಿರು ಬಿಟ್ಟರೆ, ಇನ್ನರ್ಧ ಉಸಿರು ಎಳೆದರೆ. ಮೊದಲು ಊದಿದವನ ಬಾಯಲ್ಲಿ ಇದ್ದದ್ದೆಲ್ಲ ಎರಡನೆಯವನ ಬಾಯಿಗೆ.

ಅಷ್ಟರಲ್ಲಿ ಪೊಲೀಸ್ ಆ್ಯಕ್ಷನ್ ಆಯಿತು. ಭಾರತದ ಸೈನ್ಯ ಬಂದು ಕೆಲವೇ ದಿನಗಳಲ್ಲಿ ನಿಜಾಮನ ರಾಜ್ಯ ಮುಗಿಯಿತು. ಅದಕ್ಕೂ ಮುಂಚೆ ನಿಜಾಮನ ಪರ ನಿಂತ ಮುಸ್ಲಿಂ ಪಡೆ, ರಜಾಕಾರರು, ಜನರನ್ನು ಸಾಕಷ್ಟು ಗೋಳಾಡಿಸಿದ್ದರು. ಆ ಸೇಡು ತೀರಿಸಿಕೊಳ್ಳಲು ಗುಂಪುಗಳು ಹೊರಟವು. ರಜಾಕಾರರು ಎಲ್ಲಿ ಸಿಗುತ್ತಾರೆ? ಅಂಗಿ ಹೊಲಿಯುವವರು ಸಿಕ್ಕರು.

ಮೆಹಬೂಬರು ಹೊಲಗಳ ನಡುವೆ ನಡೆದು ಮಾಳಪ್ಪನ ಹಟ್ಟಿ ಸೇರಿದರು. ಮಾಳಪ್ಪ ಅವರಿಗೆ ತನ್ನ ಧೋತ್ರ ಉಡಿಸಿ, ರುಮಾಲು ಸುತ್ತಿ, ಹೆಗಲಿಗೆ ಕಂಬಳಿ ಹಾಕಿ ಕುರಿಗಳ ನಡುವೆ ಕೂರಿಸಿದ. ಮೂರನೇ ದಿನ ಮಧ್ಯಾಹ್ನ ಮೆಹಬೂಬರಿಗೆ ತಡೆಯಲಾಗಲಿಲ್ಲ. ಇಲ್ಲಿ ಕೇಳುವವರು ಯಾರು ಎಂದುಕೊಂಡು ಬಾಜಾ ತೆಗೆದು ಮೆಲ್ಲಗೆ ಊದಿದರು. ಕೇಳುವವರು ಇದ್ದರು. ಕುಡುಗೋಲು, ಬಡಿಗೆ ಹಿಡಿದ ಏಳೆಂಟು ಜನ ಹಟ್ಟಿಗೆ ಬಂದು ನಿಂತರು.

"ಇಂವ ಯಾರು?"

"ನಮ್ ಅಣ್ಣ. ಅಂವಗ ಮಾತ್ ಬರಲ್ಲ," ಎಂದ ಮಾಳಪ್ಪ.

"ಮೂಗ ಬಾಜಾ ಊದ್ತಾನ?"

"ಊದಲಿಕ್ಕಿ ಮಾತ್ ಯಾಕ ಬೇಕು? ಉಸರ್ ಇದ್ರ ಸಾಕು."

ಒಬ್ಬ ಧೋತ್ರ ಬಿಚ್ಚಿಸಿ ನೋಡೋಣ ಎಂದನಂತೆ. ಆದರೆ ಮಾಳಪ್ಪನ ತಾಯಿ ರೊಟ್ಟಿ ಗಂಟು ಹಿಡಿದು ಅಲ್ಲೇ ನಿಂತಿದ್ದಳು, ಕದಲಲಿಲ್ಲ. ಮುದುಕಿಯ ಎದುರು ಹೇಗೆ ಬಿಚ್ಚಿಸುವುದು? (ಕೊಲ್ಲಲು ಬಂದವರಿಗೂ ನಾಚಿಕೆ ಇರುತ್ತದೆ.) ಆಗ ಗುಂಪಿನ ಹಿರಿಯ ಮೆಹಬೂಬರ ಕೈಯಿಂದ ಬಾಜಾ ಕಸಿದು ಮಾಳಪ್ಪನ ಮುಂದೆ ಹಿಡಿದ.

"ನಿಮ್ಮಣ್ಣಂದೇ ಹೌದಿಲ್ಲ? ನೀ ಒಮ್ಮಿ ಊದು."

ಬಾಜಾ ಇನ್ನೂ ಒದ್ದೆಯಾಗಿತ್ತು.

"ಅಂವ ಒರಸ್ತಾನೇನ್ ಅಂತ ಅವ್ರು ನೋಡ್ಲಿಕತ್ತಿದ್ರರಿ," ಎಂದರು ಬಶೀರ್ ಮಿಯಾ. "ಒರಸಿದ್ರ ಅಲ್ಲೇ ಕತಿ ಮುಗೀತಿತ್ತು. ಅಬ್ಬಾ ಕಣ್ಣ ಮುಚ್ಕೊಂಡಿದ್ರಂತ."

ಮಾಳಪ್ಪ ಒರೆಸಲಿಲ್ಲ. ಬಾಯಿಗಿಟ್ಟುಕೊಂಡ. ಅವನಿಗೆ ಎಲ್ಲಿ ಬರಬೇಕು ಊದಲಿಕ್ಕೆ? ಹೆದರಿ ಏದುಸಿರು ಬಿಡುತ್ತಿದ್ದ, ಅಷ್ಟೇ. ಏದುಸಿರಿಗೂ ಅದು ನುಡಿಯಿತು. ಬಿಟ್ಟಾಗೊಂದು ಸ್ವರ, ಎಳೆದಾಗೊಂದು ಸ್ವರ. ಸ್ವಲ್ಪ ಹೊತ್ತು ಕೇಳಿ, ಅಣ್ಣ ತಮ್ಮಂದಿರೇ ಎಂದು ಒಪ್ಪಿಕೊಂಡು ಅವರು ಹೊರಟುಹೋದರು. ಸಾಬರ ಎಂಜಲನ್ನು ಹಿಂದೂ ಬಾಯಿಗಿಡುವುದಿಲ್ಲ ಎಂಬುದರಲ್ಲಿ ಅವರಿಗೆ ಅಷ್ಟು ನಂಬಿಕೆ.

"ಆಮ್ಯಾಲ ಅಬ್ಬಾ ಬಾಜಾ ಅಂವಗೇ ಕೊಡ್ಲಿಕ್ಕಿ ಹೋದ್ರು. ಮಾಳಪ್ಪ ಕಾಕಾ ಏನಂದ್ರು ಗೊತ್ತೇನ್ರಿ? 'ನನಗ ಬ್ಯಾಡೋ ಮಾರಾಯ, ನಾ ಊದಿದ್ರ ಕುರಿ ಓಡ್ತಾವ.'" ಬಶೀರ್ ಮಿಯಾ ನಕ್ಕರು. "ಅಬ್ಬಾನ ಲಗ್ನಾ ಆಗಿದ್ದು, ನಾ ಹುಟ್ಟಿದ್ದು, ಎಲ್ಲಾ ಅದಾದ ಮ್ಯಾಲೇರಿ."

ಬಶೀರ್ ಮಿಯಾ ಬಾಜಾವನ್ನು ತುಟಿಗಿಟ್ಟು ಎರಡು ಸಾಲು ಊದಿದರು. ಇಷ್ಟು ವರ್ಷವಾದರೂ ಸ್ವರ ಕೆಟ್ಟಿಲ್ಲ. ಊದಿ, ನನ್ನ ಕಡೆ ಚಾಚಿದರು.

"ತಗೋರಿ. ನೀವೂ ಊದ್ರಿ."

ನಾನು ಜಾತಿ ಗೀತಿ ನಂಬುವವನಲ್ಲ. ಅದರ ವಿರುದ್ಧ ಇದೇ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೆ ಎಂಬುದು ನಿಮಗೇ ಗೊತ್ತು. ಬಾಜಾ ತೆಗೆದುಕೊಂಡೆ. ಬಾಯಿಗೆ ಒಯ್ಯುವ ಮೊದಲು ಕೈ ತಾನಾಗಿ ಜೇಬಿಗೆ ಹೋಯಿತು. ಕರವಸ್ತ್ರ ತೆಗೆದು ಎರಡು ಸಲ ಚೆನ್ನಾಗಿ ಒರೆಸಿದೆ. ಹೈಜೀನ್ ಅಂದುಕೊಂಡೆ. ಬಶೀರ್ ಮಿಯಾ ತಿರುಗಿ ಸೂಜಿಗೆ ದಾರ ಪೋಣಿಸತೊಡಗಿದರು.

ಆ ಮಧ್ಯಾಹ್ನ ಹಟ್ಟಿಯಲ್ಲಿ ಮಾಳಪ್ಪನ ಜಾಗದಲ್ಲಿ ನಾನಿದ್ದಿದ್ದರೆ, ಬಶೀರ್ ಮಿಯಾ ಹುಟ್ಟುತ್ತಿದ್ದರೇ?