ಮುಚ್ಚಳ ತೆಗೆದು ನೋಡಿ ಮುಚ್ಚುವ ಹುಡುಗಿ

ಬೆಳಿಗ್ಗೆ ಕಟ್ಟಿ ಕೊಟ್ಟ ಡಬ್ಬಿ ಸಂಜೆ ಹಾಗೇ ವಾಪಸ್ ಬಂತು. ಹಾಗೇ ಎಂದರೆ ಹಾಗೇ. ಚಪಾತಿಯ ಮೇಲಿಟ್ಟ ಬೆಲ್ಲದ ತುಣುಕು ಕೂಡ ಜಾಗ ಬಿಟ್ಟು ಅಲುಗಿರಲಿಲ್ಲ.

ಅದು ಹದಿನೇಳನೆಯ ದಿನ. (ಹೌದು, ಎಣಿಸಿದ್ದೇನೆ. ಇಂಥದ್ದನ್ನು ಎಣಿಸದ ತಾಯಿ ಯಾರಿದ್ದಾಳೆ?)

ನನ್ನ ಮಗಳು ನೀಲಾಗೆ ನಾಲ್ಕು ವರ್ಷ. ಮೊನ್ನೆಮೊನ್ನೆಯವರೆಗೆ ನಾವೆಲ್ಲ ಹುನಗುಂದದಲ್ಲಿ ಅತ್ತೆ ಮಾವನವರ ಜೊತೆಗೇ ಇದ್ದೆವು. ಊಟದ ಹೊತ್ತಿಗೆ ಮಾವನವರ ತಾಟಿನ ಪಕ್ಕ ಇವಳ ಪುಟ್ಟ ತಾಟು. ಆಮೇಲೆ ನನಗೆ ಬಾಗಲಕೋಟೆಗೆ ಟ್ರಾನ್ಸ್‌ಫರ್ ಆಯಿತು. ನಾನು ಸರಕಾರಿ ಕಚೇರಿಯಲ್ಲಿ ಟೈಪಿಸ್ಟ್. ನಮ್ಮ ಮನೆಯವರಿಗೂ ಇಲ್ಲಿಯೇ ಕೆಲಸ. ಹಗಲೆಲ್ಲ ಮನೆಗೆ ಬೀಗ. ಹೀಗಾಗಿ ನೀಲಾ ಬಾಲವಾಡಿ ಸೇರಿದಳು. ಸಂಜೆ ಐದರವರೆಗೆ ಮಕ್ಕಳನ್ನು ಇಟ್ಟುಕೊಳ್ಳುವ ಬಾಲವಾಡಿ ನಮಗೆ ಸಿಕ್ಕಿದ್ದು ಅದೊಂದೇ.

ಆಡುತ್ತಾಳೆ, ಹಾಡುತ್ತಾಳೆ, ಅಳುವುದಿಲ್ಲ. ಆದರೆ ಅಲ್ಲಿ ಉಣ್ಣುವುದಿಲ್ಲ.

ನಾನು ಬಿಡುವವಳೇ? ಚಪಾತಿ ಬೇಡವಾಯಿತೆಂದು ಉಪ್ಪಿಟ್ಟು ಕಟ್ಟಿದೆ. ಉಪ್ಪಿಟ್ಟು ವಾಪಸ್ ಬಂತು. ಮೊಸರನ್ನ ಕಟ್ಟಿದೆ, ಅದೂ ಬಂತು. ಒಂದರ ಬದಲು ಎರಡು ಬಗೆ ಇಟ್ಟರೆ ಒಂದಾದರೂ ರುಚಿಸೀತೆಂದು ಎರಡು ಖಾನೆಯ ಡಬ್ಬಿ ತಂದೆ. ಮೇಲಿನ ಖಾನೆಯಲ್ಲಿ ಶೇಂಗಾ ಹೋಳಿಗೆ, ಕೆಳಗೆ ಒಗ್ಗರಣೆ ಅವಲಕ್ಕಿ. ಎರಡೂ ಖಾನೆ ತುಂಬಿಕೊಂಡೇ ಮನೆಗೆ ಬಂದವು. ತಿರುಗಿ ಚಪಾತಿ ಬೆಲ್ಲಕ್ಕೇ ಬಂದೆ, ಅದೂ ಹಾಗೇ ಬಂತು. ಪಕ್ಕದ ಮನೆಯವರು ದೃಷ್ಟಿ ತೆಗೆಯಲು ಹೇಳಿದರು, ತೆಗೆದೆ. ತುಳಸಿಗೇರಿ ಹನುಮಪ್ಪನಿಗೆ ಕಾಯಿ ಒಡೆಸಲು ಹೇಳಿದರು, ಒಡೆಸಿದೆ. (ಪ್ರಸಾದದ ಕೊಬ್ಬರಿಯನ್ನು ಮಾತ್ರ ನೀಲಾ ಅಲ್ಲೇ ನಿಂತು ತಿಂದಳು.)

ಹದಿನೇಳನೆಯ ದಿನ ಬಾಲವಾಡಿಯ ಅಕ್ಕೋರು ನನ್ನನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡರು. ವಯಸ್ಸಾದವರು, ಮಕ್ಕಳನ್ನು ಕಂಡರೆ ಜೀವ.

“ಮಧ್ಯಾಹ್ನ ಕಣ್ಣಿಗೆ ಕತ್ತಲಿ ಬಂದು ಕುಂತಬಿಟ್ಲರಿ. ನನಗ ಅಂಜಿಕಿ ಬರತೈತಿ. ಈ ವಾರನೂ ಉಣ್ಣಲಿಲ್ಲಂದ್ರ, ಮುಂದಿನ ವರ್ಷ ಕರಕೊಂಡು ಬರ್ರಿ.”

ಮುಂದಿನ ವರ್ಷ! ಅಲ್ಲಿಯವರೆಗೆ? ನಮ್ಮ ಮನೆಯವರು ಹುನಗುಂದಕ್ಕೆ ಕಾರ್ಡು ಬರೆದರು. ಭಾನುವಾರ ಬಂದು ಮೊಮ್ಮಗಳನ್ನು ಕರೆದೊಯ್ಯುವುದಾಗಿ ಮಾವನವರ ಉತ್ತರವೂ ಬಂತು. ಅಂದರೆ ನಾನು ವಾರಕ್ಕೊಮ್ಮೆ ಬಸ್ ಹತ್ತಿ ಮಗಳ ಮುಖ ನೋಡಬೇಕು. ಇಲ್ಲವೇ ರಾಜೀನಾಮೆ ಬರೆದು ಮನೆಯಲ್ಲಿ ಕೂಡಬೇಕು. ನನಗೆ ಎರಡೂ ಬೇಡ. ಮಗಳೂ ಬೇಕು, ನೌಕರಿಯೂ ಬೇಕು. ಹೀಗೆ ಬಾಯಿಬಿಟ್ಟು ಹೇಳಲು ನನಗೆ ನಾಚಿಕೆಯೇನೂ ಇಲ್ಲ.

ಗುರುವಾರ ಅರ್ಧ ದಿನ ಲೀವ್ ಹಾಕಿ ಬಾಲವಾಡಿಯ ಕಿಟಕಿಯ ಹೊರಗೆ ನಿಂತೆ. ಮಕ್ಕಳೆಲ್ಲ ಡಬ್ಬಿ ತೆರೆದರು. ನೀಲಾ ಕೂಡ ತೆರೆದಳು. ಮೇಲಿನ ಖಾನೆ ನೋಡಿದಳು. ಅದನ್ನು ಎತ್ತಿ ಕೆಳಗಿನ ಖಾನೆ ನೋಡಿದಳು. ಗುಟುಕ್ಕೆಂದು ಉಗುಳು ನುಂಗಿದಳು. ಆಮೇಲೆ ಒಂದೊಂದೇ ಜೋಡಿಸಿ ಮುಚ್ಚಳ ಹಾಕಿಬಿಟ್ಟಳು.

ಉಗುಳು ನುಂಗಿದ್ದನ್ನು ನಾನು ಕಣ್ಣಾರೆ ಕಂಡೆ. ಬೇಡವಾದವರು ಉಗುಳು ನುಂಗುತ್ತಾರೆಯೇ? ಮಗಳಿಗೆ ಹಸಿವಿತ್ತು. ಹಸಿದುಕೊಂಡೇ ಮುಚ್ಚಿದಳು.

ಮನೆಗೆ ಕರೆತಂದು ತೊಡೆಯ ಮೇಲೆ ಕೂರಿಸಿಕೊಂಡು, ಬೈಯದೆ, ಯಾಕೆಂದು ಕೇಳಿದೆ. ಇಷ್ಟು ದಿನ ಬೈದಿದ್ದೆ, ರಮಿಸಿದ್ದೆ, ಗುಮ್ಮನನ್ನು ಕರೆದಿದ್ದೆ. ಯಾಕೆಂದು ಮಾತ್ರ ಒಮ್ಮೆಯೂ ಕೇಳಿರಲಿಲ್ಲ.

“ಅಷ್ಟು ಉಣ್ಣಾಕ ಆಗೂದಿಲ್ಲವ್ವಾ. ಮುಟ್ಟಿದ ಮ್ಯಾಲ ಉಳಸಬಾರದು, ಮುತ್ಯಾ ಹೇಳ್ಯಾನ.”

ಮುತ್ಯಾ ಅಂದರೆ ನಮ್ಮ ಮಾವನವರು. ಲಿಂಗಪೂಜೆ ಮಾಡಿ ಊಟಕ್ಕೆ ಕೂತರೆ ತಾಟಿನಲ್ಲಿ ಒಂದು ಅಗುಳು ಬಿಡುವವರಲ್ಲ. ಕೊನೆಗೆ ತಾಟಿಗೆ ನೀರು ಹಾಕಿ, ಬೆರಳಿಂದ ತೊಳೆದು, ಆ ನೀರನ್ನೂ ಕುಡಿಯುತ್ತಾರೆ. ಅದು ಪ್ರಸಾದ, ಕೆಡಿಸಬಾರದು. ನೀಲಾ ಅವರ ಪಕ್ಕ ಕೂತು ಇದನ್ನೇ ಕಲಿತಿದ್ದಾಳೆ. ಮನೆಯಲ್ಲಿ ಚೂರುಚೂರೇ ಬಡಿಸುತ್ತೇವೆ, ಬೇಕಾದರೆ ಮತ್ತೆ ಕೇಳುತ್ತಾಳೆ, ತೊಂದರೆಯಿಲ್ಲ. ಡಬ್ಬಿಯಲ್ಲಿ ಹಾಗಲ್ಲವಲ್ಲ! ಕೈ ಹಾಕಿದರೆ ಅಷ್ಟನ್ನೂ ಮುಗಿಸಬೇಕು. ಮುಗಿಯದಿದ್ದರೆ ಪಾಪ. ಮುಟ್ಟದೆ ತಂದರೆ ಎಂಜಲಲ್ಲ, ಮನೆಯಲ್ಲಿ ಯಾರಾದರೂ ಉಣ್ಣಬಹುದು. ಅವಳು ಉಣ್ಣದೆ ತಂದಷ್ಟೂ ನಾನು ಹೆಚ್ಚು ತುಂಬಿದೆ. ನಾನು ತುಂಬಿದಷ್ಟೂ ಅವಳು ಗಟ್ಟಿಯಾಗಿ ಮುಚ್ಚಳ ಹಾಕಿದಳು.

ನಮ್ಮ ಕಡೆಯ ಪ್ರೀತಿ ನಿಮಗೆ ಗೊತ್ತೇ ಇದೆ. ಬೀಗರು ಎರಡೂ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಇನ್ನೊಂದು ಹೋಳಿಗೆ ಜಾರಿಸುತ್ತೇವೆ. ಅಗುಳು ಬಿಟ್ಟರೆ ಮಕ್ಕಳಿಗೆ ಪಾಪದ ಕಥೆ ಹೇಳುತ್ತೇವೆ. ತುಂಬಿಸುವವರೂ ನಾವೇ, ಉಳಿಸಬೇಡ ಎನ್ನುವವರೂ ನಾವೇ. ನಾಲ್ಕು ವರ್ಷದ ಕೂಸು ಏನು ಮಾಡಬೇಕು?

ಶುಕ್ರವಾರ ಏಲಕ್ಕಿ ಇಡುವ ಸಣ್ಣ ಡಬ್ಬಿಯನ್ನು ಖಾಲಿ ಮಾಡಿ ತೊಳೆದೆ. ಕಾಲು ಚಪಾತಿಗೆ ತುಪ್ಪ ಬೆಲ್ಲ ಸವರಿ, ಸುರುಳಿ ಸುತ್ತಿ ಅದರಲ್ಲಿಟ್ಟೆ. ಇನ್ನೊಂದು ಚೂರು ಇಡಲು ಕೈ ತಾನಾಗಿ ಮುಂದೆ ಹೋಯಿತು. ಎಳೆದುಕೊಂಡೆ. ಮತ್ತೆ ಹೋಯಿತು. ಮತ್ತೆ ಎಳೆದುಕೊಂಡೆ. ಎರಡು ಖಾನೆ ತುಂಬಿಸಿದ ದಿನಗಳಲ್ಲೂ ನನಗೆ ಇಷ್ಟು ಕಷ್ಟವಾಗಿರಲಿಲ್ಲ. ಅಕ್ಕೋರು ಆ ಡಬ್ಬಿ ನೋಡಿ ನನ್ನ ಮುಖ ನೋಡಿದರು. ಇವತ್ತೊಂದು ದಿನ ನೋಡಿ ಎಂದು ಹೇಳಿ, ಹಿಂತಿರುಗಿ ನೋಡದೆ ಆಫೀಸಿಗೆ ಹೋದೆ. ಟೈಪ್ ಮಾಡಿದ್ದೆಲ್ಲ ತಪ್ಪು.

ಸಂಜೆ ಡಬ್ಬಿ ಖಾಲಿ. ಒಳಗೆ ಬೆಲ್ಲದ ಕಲೆಯೂ ಇಲ್ಲ. ನೀರು ಹಾಕಿ ತೊಳೆದು ಕುಡಿದಳೆಂದು ಅಕ್ಕೋರು ನಕ್ಕರು. ದಾರಿಯಲ್ಲಿ ನೀಲಾ ಸೆರಗು ಜಗ್ಗಿ, ನಾಳೆ ಇನ್ನೊಂದು ತುತ್ತು ಹೆಚ್ಚು ಇಡಲು ಹೇಳಿದಳು. ನಡುಬೀದಿಯಲ್ಲೇ ನನಗೆ ಅಳು ಬಂತು.

ಭಾನುವಾರ ಮಾವನವರು ಬಂದರು. ಕಥೆಯೆಲ್ಲ ಕೇಳಿದರು. ಆಮೇಲೆ ಮೊಮ್ಮಗಳ ತಲೆ ಸವರಿ, ಒಬ್ಬರೇ ಬಸ್ ಹತ್ತಿದರು.

ಆ ಎರಡು ಖಾನೆಯ ಡಬ್ಬಿಯನ್ನು ಈಗ ನಾನೇ ಆಫೀಸಿಗೆ ಒಯ್ಯುತ್ತೇನೆ. ನಿನ್ನೆ ಕೆಲಸದ ಗಡಿಬಿಡಿಯಲ್ಲಿ ಅರ್ಧ ರೊಟ್ಟಿ ಉಳಿದಿತ್ತು. ನೀಲಾ ಮುಚ್ಚಳ ತೆಗೆದು ನೋಡಿದಳು. ರೊಟ್ಟಿಯನ್ನು ನೋಡಿದಳು, ನನ್ನನ್ನೂ ನೋಡಿದಳು.

“ಅವ್ವಾ, ಮುತ್ಯಾಗ ಹೇಳ್ಲೇನು?”