ರಾಯಚೂರಿನ ಕಡೆ ತಿರುಗಿದ ಆಂಟೆನಾ

ಎರಡು ತುದಿ ಇರುವ ಯಾವ ವಸ್ತುವನ್ನೂ ನನ್ನ ಮೈದುನ ಬಸಪ್ಪ ಬಿಸಾಡಿದವನಲ್ಲ. ಹಗ್ಗ, ದಾರ, ಲಾಡಿ, ಸೈಕಲ್ಲಿನ ಬ್ರೇಕ್ ತಂತಿ, ಎಲ್ಲವೂ ಮಗ್ಗದ ಪಕ್ಕದ ಗೂಟಕ್ಕೆ ನೇತಾಡುತ್ತಿದ್ದವು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಕಸ ಗುಡಿಸುವಾಗ ಒಂದು ಗೇಣು ದಾರ ತಿಪ್ಪೆಗೆ ಹಾಕಿದೆನೆಂದು ರಾತ್ರಿ ಊಟ ಬಿಟ್ಟಿದ್ದ. ಬೆಳಿಗ್ಗೆ ಎರಡೂ ಹೊತ್ತಿನದು ಸೇರಿಸಿ ಉಂಡ, ಅದು ಬೇರೆ ಮಾತು.

ತೆಲುಗು ಸೀಮೆಯ ಅಂಚಿನ ನಾರಾಯಣಪೇಟೆಯಲ್ಲಿ ನಮ್ಮದು ಸೀರೆ ನೇಯುವ ಮನೆ. ನಾನು ಎರಡನೇ ತರಗತಿಗೆ ಶಾಲೆ ಬಿಟ್ಟವಳು. ಅವನು ನಾಲ್ಕು ಓದಿದ್ದ. ಆ ಎರಡು ತರಗತಿಯ ಹೆಚ್ಚುಗಾರಿಕೆಯನ್ನು ಸಾಯುವವರೆಗೂ ಬಿಡಲಿಲ್ಲ.

ತೆಲಂಗಾಣ ಬೇರೆಯಾಗಬೇಕೆಂಬ ಗದ್ದಲದ ದಿನಗಳಲ್ಲಿ ಕೇಬಲ್ಲಿನವನು ಇದ್ದೊಂದು ಕನ್ನಡ ಚಾನೆಲ್ಲು ತೆಗೆದು ಇನ್ನೊಂದು ತೆಲುಗು ಸುದ್ದಿ ಹಾಕಿದ. ನಮಗೆ ಎರಡೂ ಭಾಷೆ ಬರುತ್ತಿತ್ತು, ನಮ್ಮ ಅತ್ತೆಗೆ ಬರುತ್ತಿರಲಿಲ್ಲ. ರಾಯಚೂರಿನ ಕಡೆಯಿಂದ ಬಂದು ಮುದುಕಿಯಾದರೂ ತೆಲುಗು ಕಲಿಯದ ಹಟಮಾರಿ. ಸಂಜೆಯ ಕನ್ನಡ ವಾರ್ತೆ ತಪ್ಪಿದ್ದೇ ಗೋಡೆಗೆ ಮುಖ ಮಾಡಿ ಮಲಗತೊಡಗಿದಳು, ರೊಟ್ಟಿ ಅರ್ಧಕ್ಕೇ ಬಿಟ್ಟಳು. ಬಸಪ್ಪ ಜಗಳಕ್ಕೆ ಹೋದ. ಕೇಬಲ್ಲಿನವನು ಕಂಬದ ಹತ್ತಿರವೇ ನಮ್ಮ ವೈರು ಕತ್ತರಿಸಿದ.

"ಬ್ಯಾಡ ಬಿಡ್ರಿ," ಅಂದ ಬಸಪ್ಪ. "ಹಳೆ ಆಂಟೆನಾ ಐತಿ. ರಾಯಚೂರ ಕಡಿ ತಿರುವಿದ್ರ ಅವ್ವಗ ಕನ್ನಡ ಬರ್ತೈತಿ."

ಹೊಸ ವೈರು ತಾ ಎಂದೆವು. ಅವನು ಯಾಕೆ ತಂದಾನು? ಕೇಬಲ್ಲಿನ ಕರಿ ವೈರು ಮಾಳಿಗೆಯಿಂದ ಇಳಿದು, ಮಗ್ಗದ ಕೋಣೆ ದಾಟಿ, ಕವಲೊಡೆದು ಪಡಸಾಲೆಯ ಟಿವಿಗೂ ಅತ್ತೆಯ ಕೋಣೆಯ ಟಿವಿಗೂ ಹೋಗಿತ್ತು. "ಹಳೆ ಹಾಸಿನ ತುದಿ ಹಣಿಗ್ಯಾಗ ಇರ್ತೈತಲ್ರಿ ಅತ್ತಿಗೆವ್ವ, ಅದಕ್ಕ ಹೊಸ ಹಾಸು ಕೂಡಸ್ತೀವೋ, ಕಿತ್ತು ಒಗೀತೀವೋ?" ಎಂದು ಮಗ್ಗದ ಉದ್ದೆಳೆಗಳನ್ನೂ ಅವು ಹಾಯುವ ಹಣಿಗೆಯನ್ನೂ ತೋರಿಸಿ ನನ್ನನ್ನೇ ಕೇಳಿದ.

ಆಂಟೆನಾದ ವೈರನ್ನು ಆ ಕರಿ ವೈರಿಗೆ ಕೂಡಿಸಿದ್ದೂ ನೇಕಾರನ ಹಾಗೆಯೇ. ಒಂದೆಳೆಯೂ ಹೊರಗುಳಿಯಬಾರದೆಂದು ನಡುವಿನ ತಾಮ್ರದ ತಂತಿ, ಸುತ್ತಲಿನ ಜಾಲರಿ, ಎಲ್ಲವನ್ನೂ ಬೂದಿ ಹಚ್ಚಿದ ಬೆರಳಲ್ಲಿ ಒಂದೇ ಹುರಿಯಾಗಿ ಹೊಸೆದ. ಟಿವಿಯಲ್ಲಿ ಇರುವೆ ಮುತ್ತಿದಂತೆ ಚುಕ್ಕಿ. ಕಾಗೆ ಕೂತಿದೆ ಎಂದ, ಗಾಳಿ ಸರಿಯಿಲ್ಲ ಎಂದ, ಕಡೆಗೆ ರಾಯಚೂರೇ ಸರಿಯಿಲ್ಲ ಎಂದ. ನಾನು ಮಾಳಿಗೆ ಹತ್ತಿ ನೋಡಿದೆ. ವೈರು ಮಾಡಿದವರು ನಡುವೆ ಬಿಳಿ ತೊಗಟೆ ಇಟ್ಟು ಬೇರೆ ಮಾಡಿದ್ದನ್ನು ಇವನು ಒಂದು ಮಾಡಿ ಕೂತಿದ್ದ.

"ಸೀರಿ ಅಂಚಿನೆಳಿ ಒಯ್ದು ಒಡಲಿನೆಳಿಗೆ ಕೂಡಸ್ತಿಯೇನೋ?" ಎಂದೆ. "ಒಳಗಿಂದು ಒಳಗಿಂದಕ್ಕ, ಹೊರಗಿಂದು ಹೊರಗಿಂದಕ್ಕ."

"ಅದನ್ನ ಮಾಡಾಕ ಹೊಂಟಿದ್ದೆ. ನೀವು ನಡುವ ಬಾಯಿ ಹಾಕಿದ್ರಿ."

ಆ ಸಂಜೆ ಕನ್ನಡ ಬಂತು. ಅತ್ತೆ ಗೋಡೆಯಿಂದ ಈಚೆ ಹೊರಳಿ ರೊಟ್ಟಿ ಪೂರ್ತಿ ತಿಂದಳು. ಅವಳಿಗೆ ಕಿವಿ ಕೇಳುತ್ತಿರಲಿಲ್ಲ. ವಾರ್ತೆ ಓದುವವಳ ತುಟಿ ನೋಡಿಕೊಂಡು ತಾನೂ ಗೊಣಗುವಳು.

ಹೊಸ ರಾಜ್ಯ ಆಗುವ ದಿನ ಬಂತು. ಓಣಿಯ ಗಂಡಸರೆಲ್ಲ ಅದನ್ನು ತೆಲುಗಿನಲ್ಲಿ ನೋಡಲು ನಮ್ಮ ಪಡಸಾಲೆಗೆ ಬಂದರು. ಅದಕ್ಕೆ ಆಂಟೆನಾ ಮಹಬೂಬನಗರದ ಕಡೆ ತಿರುಗಬೇಕು. ಬಸಪ್ಪ ಮಾಳಿಗೆ ಹತ್ತಿ ಕೋಲು ಅಪ್ಪಿಕೊಂಡು ಕೂತುಬಿಟ್ಟ. ನನ್ನ ಗಂಡ ಅಂಗಳದಿಂದ ಬೈದ. ಕಿವುಡಿಗೆ ಕನ್ನಡವೇನು ತೆಲುಗೇನು ಎಂದು ಯಾರೋ ನಕ್ಕರು.

"ಕಿವಿಗಿಲ್ಲ, ಕಣ್ಣಿಗೈತಿ," ಅಂದ ಬಸಪ್ಪ ಮೇಲಿನಿಂದ. "ತೆಲುಗು ಬಾಯಿ ಅಕಿಗೆ ತಿಳಿಯಂಗಿಲ್ಲ."

ಯಾರೂ ನಗಲಿಲ್ಲ. ಹಾಗೆಂದು ಎದ್ದೂ ಹೋಗಲಿಲ್ಲ. ನಾನು ಒಳಗೆ ಹೋಗಿ ಅತ್ತೆಯ ಮುಖದೆದುರು ನಿಂತು ಕೇಳಿದೆ. ಅವಳು ಸೆರಗು ಸರಿಮಾಡಿಕೊಂಡಳು.

"ಮಂದಿ ಬಂದಾರಂದ್ರ ತಿರುವು ಅನ್ನು. ದಿನಾ ನಾ ಒಬ್ಬಾಕಿನೇ ನೋಡಿ ಬ್ಯಾಸರಾಗೇತಿ."

ಬಸಪ್ಪ ತಿರುಗಿಸಿದ. ಅತ್ತೆ ಪಡಸಾಲೆಯ ನಡುವೆ ಕೂತು ಟಿವಿ ಬಿಟ್ಟು ಬಂದವರ ಮುಖಗಳನ್ನೇ ನೋಡಿದಳು, ಎಲ್ಲರಿಗೂ ಚಹಾ ಕೊಡಿಸಿದಳು. ಬಸಪ್ಪ ಮಾತ್ರ ಹೊಸ ರಾಜ್ಯ ನೋಡಲು ಇಳಿಯಲಿಲ್ಲ. ಮುಗಿದ ತಕ್ಷಣ ಮತ್ತೆ ರಾಯಚೂರಿಗೆ ತಿರುಗಿಸಬೇಕಲ್ಲ, ಬಿಸಿಲಲ್ಲೇ ಕಾದ. ಮೂರು ದಿನ ಮೂಗಿನ ತೊಗಲು ಸುಲಿದಿತ್ತು.

ಅತ್ತೆ ಹೋದ ಮೇಲೆ ಅವನು ಮಾಳಿಗೆ ಹತ್ತಲಿಲ್ಲ. ನನ್ನ ಗಂಡ ಆಂಟೆನಾ ತೆಲುಗಿನ ಕಡೆ ತಿರುಗಿಸಿದಾಗ ಮಗ್ಗದಿಂದ ತಲೆಯೂ ಎತ್ತಲಿಲ್ಲ. ಬಸಪ್ಪನ ಕಣ್ಣು ಮಂಜಾದಾಗ ಅವನ ಮಗಳು ಗದ್ವಾಲದ ತನ್ನ ಮನೆಗೆ ಕರೆದೊಯ್ದಳು.

ಕೊನೆಯ ಸಲ ಅಲ್ಲೇ ಕಂಡೆ. ಒಳಗೆ ಡಿಶ್ ಟಿವಿಯಲ್ಲಿ ಕನ್ನಡ ಬರುತ್ತಿತ್ತು. ಇವನು ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ಒಳಗೆ ಹೋಗಿ ನೋಡಬಾರದೇ ಎಂದೆ.

"ತಾನ ಬರ್ತೈತ್ರಿ ಅತ್ತಿಗೆವ್ವ. ಯಾರೂ ಏನೂ ಮಾಡೂದು ಬ್ಯಾಡ."

"ಅದಕ್ಕೇನು ತಕರಾರು ನಿಂದು?"

"ತಕರಾರು ಏನಿಲ್ರಿ. ಕೆಲಸಿಲ್ಲ, ಅಷ್ಟ."

ಸೋಮಾರಿ ಎಂದು ಬೈದು ಬಸ್ಸು ಹತ್ತಿದೆ. ಮುಂದೆ ಆ ಮನೆಗೆ ಹೋದದ್ದು ಅವನು ತೀರಿಕೊಂಡ ಮೇಲೆ, ಅವನ ದಿನದ ಕಾರ್ಯಕ್ಕೆ. ಕಟ್ಟೆಯ ಮೇಲೆ ಅವನ ಅಳಿಯ ಕೂತಿದ್ದ. ಒಳ್ಳೆಯವನೇ. ಆದರೆ ಬಸಪ್ಪನನ್ನು ಬೈದ ಹಾಗೆ ಅವನನ್ನು ಬೈಯುವ ಅಧಿಕಾರ ನನಗಿಲ್ಲ.